ನಕ್ಷತ್ರಗಳ ನಡುವಣ ಬಯಲು

ನಕ್ಷತ್ರಗಳ ನಡುವಣ ಆಕಾಶವು ಬರಿದೆಂದು ನಾವು ಎಣಿಸುವುದುಂಟು. ಆದರೆ ಅಲ್ಲಿ ಅತಿ ವಿರಳವಾದ ಅನಿಲವೂ, ವಿದ್ಯುತ್ಕಣಗಳಾಗಿ ಒಡೆದ ಅನಿಲವೆನಿಸುವ ಪ್ಲಾಸ್ಮವೂ ಹರಡಿರುವುವು. ಸೂರ್ಯನಿಂದ ಬೀಸುವ ಕಣಗಳ ಗಾಳಿಯು ಈ ಪ್ಲಾಸ್ಮವನ್ನು ದೂರ ತಳ್ಳಿ, ಗ್ರಹಮಂಡಲದ ಸುತ್ತಲೂ ದೊಡ್ಡದೊಂದು ಗುಳ್ಳೆಯನ್ನು ರಚಿಸಿದೆ.

1977ರಲ್ಲಿ ಹೊರಟ ವಾಯೇಜರ್ 1 ಎಂಬ ನೌಕೆಯು 2012ನೆಯ ಇಸವಿ ಆಗಸ್ಟಿನಲ್ಲಿ ಈ ಗುಳ್ಳೆಯ ಎಲ್ಲೆಯನ್ನು ದಾಟಿತು. ದಾಟಿದುದನ್ನು ತಿಳಿದುದು ಹೇಗೆ? ಪ್ಲಾಸ್ಮವನ್ನು ನೇರವಾಗಿ ಅಳೆಯತಕ್ಕ ಯಂತ್ರವು 1980ರಲ್ಲಿಯೇ ಕೆಟ್ಟಿತ್ತು. ಆದರೆ ಸೂರ್ಯನಲ್ಲಾದ ಸ್ಫೋಟದ ಅಲೆಯೊಂದು 2013ರ ಏಪ್ರಿಲಿನಲ್ಲಿ ಅಲ್ಲಿಗೆ ಮುಟ್ಟಿ, ಎಲೆಕ್ಟ್ರಾನುಗಳನ್ನು ನಡುಗಿಸಿತು. ಅವು ಒತ್ತಾಗಿದ್ದಷ್ಟೂ ಕಂಪನವು ಶೀಘ್ರವಾಗುವುದು ನಿಯಮ. ಸೆಕೆಂಡಿಗೆ ಸುಮಾರು 2,600 ಕಂಪನಗಳಿದ್ದುದರಿಂದ, ಒಂದು ಲೀಟರಿನಷ್ಟು ಅವಕಾಶದಲ್ಲಿ ಸುಮಾರು 80 ಎಲೆಕ್ಟ್ರಾನುಗಳಿರುವುವೆಂದು ಲೆಕ್ಕವಾಯಿತು. ಗುಳ್ಳೆಯ ಒಳಅಂಚಿನಲ್ಲಿರುವುದಕ್ಕಿಂತ ಇದು ಸುಮಾರು 40 ಪಾಲು ಹೆಚ್ಚು. ಹೀಗೆ ನೌಕೆಯು ಹೊರಗಿನ ಬಯಲನ್ನು ಸೇರಿದುದು ನಿಶ್ಚಯವಾಯಿತು.