ಇವತ್ತು ಯಾರ ಸರದಿ ಎಂದು ಮೊದಲೇ ಮಾತಾಡಿಕೊಳ್ಳಿ

ಬೆಳಗಿನ ಜಾವ ಎದ್ದು, ಸೈಕಲ್ ಏರಿ ದೇವನಹಳ್ಳಿ ದಾರಿ ಹಿಡಿದು, ನಂದಿ ಬೆಟ್ಟ ಹತ್ತಿ ಇಳಿದು ಬರುವ ನಿಮ್ಮ ಶ್ರದ್ಧೆಗೆ ಯಾರೂ ಹೆಸರಿಡುವಂತಿಲ್ಲ. ಕಾಲಿನಲ್ಲಿ ಕಸುವಿದೆ, ಎದೆಯಲ್ಲಿ ದಮ್ಮಿದೆ. ಆದರೆ ರೇಸಿನ ದಿನ ಒಂದೇ ಬಣ್ಣದ ಜೆರ್ಸಿ ತೊಟ್ಟ ಐದು ಜನ ಐದು ದಿಕ್ಕಿಗೆ ಎಳೆಯುತ್ತೀರಲ್ಲ, ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ನಿಮ್ಮವರೇ ಒಬ್ಬರು ಗುಂಪು ಬಿಟ್ಟು ಮುಂದೆ ಹೋಗಿರುತ್ತಾರೆ. ಅವರನ್ನು ಹಿಡಿಯಲು ಗುಂಪನ್ನು ಎಳೆದುಕೊಂಡು ಹೋಗುವವರೂ ನೀವೇ! ಬೇರೆ ತಂಡದವರು ನಿಮ್ಮ ಬೆನ್ನ ಹಿಂದೆ ಆರಾಮಾಗಿ ಕೂತು ಬರುತ್ತಾರೆ.

ಮೊದಲು ಗಾಳಿಯ ಲೆಕ್ಕ ತಿಳಿದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಹೋಗುವಾಗ ನಿಮ್ಮ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಮುಂದಿನವರ ಹಿಂಚಕ್ರಕ್ಕೆ ಹತ್ತಿರವಾಗಿ ಸಾಗಿದರೆ ಅದರಲ್ಲಿ ಕಾಲುಭಾಗದಷ್ಟಾದರೂ ಉಳಿಯುತ್ತದೆ. ಹತ್ತು ಜನರ ಕಡ್ಡಿ ಒಬ್ಬನ ಹೊರೆ. ಆದ್ದರಿಂದ ಮುಂದೆ ನಿಲ್ಲುವ ಕೆಲಸವನ್ನು ಸರದಿಯಂತೆ ಹಂಚಿಕೊಳ್ಳಿ. ನಿಮ್ಮ ಸರದಿ ಬಂದ ಕೂಡಲೇ ವೇಗ ಏರಿಸಿ ಜೋರು ತೋರಿಸುವ ಚಾಳಿ ಬಿಡಿ. ಇದ್ದ ವೇಗವನ್ನೇ ಅರ್ಧ ನಿಮಿಷ ಕಾಯ್ದುಕೊಂಡು, ಪಕ್ಕಕ್ಕೆ ಸರಿದು, ಹಿಂದಕ್ಕೆ ಬನ್ನಿ. ಅಡ್ಡಗಾಳಿ ಬೀಸುವಾಗ ನೇರ ಹಿಂದೆ ಇದ್ದರೆ ಮರೆ ಸಿಗದು; ಗಾಳಿ ಬರುವ ಕಡೆ ಮುಂದಿನವರನ್ನು ಬಿಟ್ಟು ಇನ್ನೊಂದು ಮಗ್ಗುಲಿಗೆ ಓರೆಯಾಗಿ ಸಾಲುಗಟ್ಟಿ.

ಅಡ್ಡಗಾಳಿಯಿಲ್ಲದೆ ನೇರ ಸಾಲಿನಲ್ಲಿ ಸಾಗುವಾಗ ನಿಮ್ಮ ಮುಂಚಕ್ರವನ್ನು ಇನ್ನೊಬ್ಬರ ಹಿಂಚಕ್ರದ ಪಕ್ಕಕ್ಕೆ ತೂರಿಸಬೇಡಿ. ತಾಗಿದರೆ ಬೀಳುವವರು ಹಿಂದಿರುವ ನೀವೇ, ನಿಮ್ಮ ಮೇಲೆ ಬೀಳುವವರು ಇನ್ನೂ ನಾಲ್ವರು. ಗುಂಡಿ ಕಂಡರೆ ಕೈ ತೋರಿಸಿ, ಹಂಪ್ ಕಂಡರೆ ಕೂಗಿ ಹೇಳಿ, ಗಕ್ಕನೆ ಬ್ರೇಕ್ ಹಾಕಬೇಡಿ. ಇದನ್ನೆಲ್ಲ ರೇಸಿನ ದಿನ ಕಲಿಯುತ್ತೇನೆ ಎಂದರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದಹಾಗೆ ಆಯಿತು. ವಾರದ ಅಭ್ಯಾಸದಲ್ಲಿ ನಾಲ್ಕೇ ಜನ ಸೇರಿದರೂ ಸರದಿ ಬದಲಿಸುವುದನ್ನು ರೂಢಿ ಮಾಡಿಕೊಳ್ಳಿ.

ಶಕ್ತಿ ಇದ್ದರೆ ಸಾಕು ಎನ್ನುವವರು ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರೋಡ್ ರೇಸ್ ನೆನೆಯಿರಿ. 2021ರ ಜುಲೈ 25, ಸುಮಾರು 137 ಕಿ.ಮೀ. ದಾರಿ. ನೆದರ್ಲೆಂಡ್ಸ್ ತಂಡದ ನಾಲ್ವರೂ ಘಟಾನುಘಟಿಗಳು. ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್ ಗಣಿತಜ್ಞೆ, ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ರೇಸ್ ಶುರುವಾದ ಕೂಡಲೇ ಕೆಲವರ ಜೊತೆ ಮುಂದೆ ಹೋದರು. ಕೊನೆಯ 40 ಕಿ.ಮೀ. ಒಬ್ಬರೇ ಸಾಗಿದರು. ಕಿವಿಗೆ ರೇಡಿಯೊ ಇಲ್ಲದ ರೇಸ್ ಅದು. ಹಿಂದಿನ ಗುಂಪು ಮುಂದಿದ್ದ ಇಬ್ಬರನ್ನು ಹಿಡಿದು, ಇನ್ನು ಯಾರೂ ಉಳಿದಿಲ್ಲ ಎಂದುಕೊಂಡಿತು. ನೆದರ್ಲೆಂಡ್ಸ್‌ನ ಆನ್ನಮೀಕ್ ಫಾನ್ ಫ್ಲೂಟನ್ ಗೆದ್ದೆನೆಂದು ಕೈ ಎತ್ತಿ ಗೆರೆ ದಾಟಿದಾಗ ಕೀಸೆನ್‌ಹೋಫರ್ ಮುಗಿಸಿ ಒಂದೂಕಾಲು ನಿಮಿಷವಾಗಿತ್ತು. ಎಷ್ಟು ಜನ ಮುಂದೆ ಹೋದರು, ಎಷ್ಟು ಜನ ಸಿಕ್ಕರು ಎಂಬ ಎಣಿಕೆಯನ್ನು ತಂಡದಲ್ಲಿ ಒಬ್ಬರಿಗಾದರೂ ವಹಿಸಿ. ನಿಮ್ಮ ರೇಸುಗಳಲ್ಲೂ ರೇಡಿಯೊ ಇರುವುದಿಲ್ಲವಲ್ಲ, ಪಕ್ಕಕ್ಕೆ ಬಂದು ಬಾಯಿಬಿಟ್ಟು ಹೇಳಬೇಕು.

ಇನ್ನು ನಿಮಗೆ ಕಹಿಯಾಗುವ ಮಾತು. ಹೊರಡುವ ಮೊದಲೇ ಇವತ್ತು ಯಾರಿಗಾಗಿ ದುಡಿಯುವುದು ಎಂದು ತೀರ್ಮಾನಿಸಿ. ದಾರಿ ಬೆಟ್ಟದ್ದಾದರೆ ಏರು ಬಲ್ಲವರಿಗೆ, ಸಮತಟ್ಟಾದರೆ ಸ್ಪ್ರಿಂಟ್ ಬಲ್ಲವರಿಗೆ. ಉಳಿದವರು ಗಾಳಿಗೆ ಎದೆಯೊಡ್ಡಬೇಕು, ನೀರಿನ ಬಾಟಲಿ ಕೊಡಬೇಕು. ತಮ್ಮವರು ಮುಂದೆ ಹೋಗಿದ್ದರೆ ಅಟ್ಟುವವರ ಹಿಂದೆ ಅಂಟಿಕೊಂಡು, ಸರದಿ ತೆಗೆದುಕೊಳ್ಳದೆ ಬರಬೇಕು. ಅದು ಮೋಸವಲ್ಲ, ಆಟವೇ ಹಾಗೆ. 1934ರ ಟೂರ್ ಡಿ ಫ್ರಾನ್ಸ್‌ನಲ್ಲಿ 20ರ ಹರೆಯದ ರೆನೆ ವಿಯೆಟ್ಟೊ, ತಂಡದ ನಾಯಕನ ಚಕ್ರ ಕೆಟ್ಟಾಗ ತನ್ನದನ್ನೇ ಕಳಚಿಕೊಟ್ಟು ರಸ್ತೆ ಬದಿಯಲ್ಲಿ ಅಳುತ್ತ ಕೂತ. ನಾಯಕ ಆ ವರ್ಷ ಗೆದ್ದ. ಐದನೆಯವನಾದ ವಿಯೆಟ್ಟೊನನ್ನೂ ಫ್ರಾನ್ಸಿನ ಜನ ಮರೆತಿಲ್ಲ. ಹಾಗೆಂದು ಪ್ರತಿ ಸಲ ಒಬ್ಬರ ಹೆಗಲ ಮೇಲೇ ಹೊರೆ ಹೊರಿಸಬೇಡಿ. ಇವತ್ತು ದುಡಿದವರಿಗೆ ಮುಂದಿನ ರೇಸಿನಲ್ಲಿ ಅವಕಾಶ ಕೊಡಿ.

ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲ ಏರಿನಲ್ಲೇ ಇದ್ದ ಬಲವೆಲ್ಲ ಸುರಿಯಬೇಡಿ. ಹಸಿವಾಗುವ ಮೊದಲೇ ಬಾಳೆಹಣ್ಣೋ ಚಿಕ್ಕಿಯೋ ತಿನ್ನಿ. ಕೊನೆಯ ಸ್ಪ್ರಿಂಟಿಗೆ ನಿಮ್ಮವರನ್ನು ಮರೆಯಲ್ಲಿಟ್ಟುಕೊಂಡು ಕೊನೆಯ 200 ಮೀಟರ್ ತನಕ ತನ್ನಿ, ಆಮೇಲೆ ರಸ್ತೆಯಲ್ಲಿ ವಾಲಾಡದೆ ನೇರವಾಗಿಯೇ ಸಾಗಿ.

ರೇಸ್ ಮುಗಿದ ಮೇಲೆ ಮುಖ ಊದಿಸಿಕೊಂಡು ಮನೆಗೆ ಓಡಬೇಡಿ. ತಿಂಡಿಗೆ ಒಟ್ಟಿಗೆ ಕೂತು, ಎಲ್ಲಿ ಸರಿಹೋಯಿತು, ಎಲ್ಲಿ ಕೈತಪ್ಪಿತು ಎಂದು ಮಾತಾಡಿ. ವೃತ್ತಿಪರ ತಂಡಗಳಲ್ಲಿ ಬಹುಮಾನದ ಹಣವನ್ನು ಒಟ್ಟುಗೂಡಿಸಿ ಹಂಚುವ ರೂಢಿಯಿದೆ. ನೀವೂ ಹಂಚಿಕೊಳ್ಳಿ; ತಂಡಕ್ಕಾಗಿ ಎಳೆದೆಳೆದು ಸುಸ್ತಾಗಿ ಅರ್ಧದಲ್ಲೇ ನಿಂತವರ ಪಾಲನ್ನು ಮೊದಲು ಎತ್ತಿಡಿ.