ಮನೆಯಲ್ಲಿ ಏನಿದೆ?



ವರ್ಷದ ಲೆಕ್ಕಪತ್ರ ಮುಂದಿನ ಪುಟಗಳಲ್ಲಿದೆ. ಅದಕ್ಕೆ ಮೊದಲು ನಾಲ್ಕು ಮಾತು ಬರೆಯಲು ಟ್ರಸ್ಟ್‌ನವರು ನಮಗೆ ಹೇಳಿದ್ದಾರೆ. ಶಾಲೆಯಿಂದ ನಿವೃತ್ತರಾದರೂ ಪಾಠ ಮಾಡುವ ಚಾಳಿ ಹೋಗಿಲ್ಲ. ಆದ್ದರಿಂದ ಇದನ್ನೂ ಪಾಠದಂತೆಯೇ ಓದಿಕೊಳ್ಳಿ.

ಅಬೂದಾವೂದ್ ಹದೀಸ್ ಗ್ರಂಥದ ಝಕಾತ್ ಅಧ್ಯಾಯದಲ್ಲಿ ಒಂದು ಘಟನೆ ಇದೆ. ಅನ್ಸಾರ್‌ಗಳಲ್ಲೊಬ್ಬರು ಪ್ರವಾದಿ(ಸ)ರ ಬಳಿಗೆ ಸಹಾಯ ಕೇಳಿ ಬಂದರು. ಪ್ರವಾದಿ(ಸ)ರು ಮೊದಲು ಕೇಳಿದ್ದು ಅವರ ಮನೆಯಲ್ಲಿ ಏನೂ ಇಲ್ಲವೇ ಎಂದು. ಒಂದು ದಪ್ಪ ಬಟ್ಟೆ ಇದೆ, ಅರ್ಧ ಹೊದೆಯುತ್ತೇವೆ, ಅರ್ಧ ಹಾಸುತ್ತೇವೆ. ನೀರು ಕುಡಿಯುವ ಒಂದು ಬಟ್ಟಲಿದೆ ಎಂದರು ಅವರು. ಅವೆರಡನ್ನೂ ತರಿಸಿದ ಪ್ರವಾದಿ(ಸ)ರು ಕೈಯಲ್ಲಿ ಹಿಡಿದು ಕೊಳ್ಳುವವರು ಯಾರೆಂದು ಕೇಳಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್‌ಗೆ ಕೊಂಡರು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಒಂದು ಕೊಡಲಿ. ಆ ಕೊಡಲಿಗೆ ಪ್ರವಾದಿ(ಸ)ರು ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರುವಂತೆಯೂ ಹದಿನೈದು ದಿನ ತಮ್ಮ ಕಣ್ಣಿಗೆ ಬೀಳದಂತೆಯೂ ಹೇಳಿ ಕಳುಹಿಸಿದರು. ಆ ವ್ಯಕ್ತಿ ಮರಳಿ ಬಂದಾಗ ಹತ್ತು ದಿರ್ಹಮ್ ಸಂಪಾದಿಸಿದ್ದರು.

ಈ ಹದೀಸ್‌ನ ವರದಿಗಾರರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಗ್ಗ ಹಿಡಿದು ಹೋಗಿ ಬೆನ್ನ ಮೇಲೆ ಸೌದೆ ಹೊತ್ತು ತಂದು ಮಾರುವುದು ಬೇಡುವುದಕ್ಕಿಂತ ಉತ್ತಮ ಎಂಬ ಅರ್ಥದ ಹದೀಸ್ ಬುಖಾರಿಯಲ್ಲೇ ಇದೆ. ಆದ್ದರಿಂದ ಪಾಠಕ್ಕೆ ತೊಂದರೆಯಿಲ್ಲ.

ನಾವು ಮಕ್ಕಳಿಗೆ ಹೇಳುತ್ತಿದ್ದೆವು, ಕಥೆಯಲ್ಲಿ ಏನು ಮೊದಲು, ಏನು ಆಮೇಲೆ ಎಂದು ನೋಡಿ ಎಂದು. ಇಲ್ಲಿ ಮೊದಲು ಬಂದದ್ದು ಪ್ರಶ್ನೆ. ಏನಿಲ್ಲ ಎಂದಲ್ಲ, ಏನಿದೆ ಎಂದು. ನಂತರ ಆಹಾರ, ಅದರ ನಂತರ ಕೊಡಲಿ. ಹಸಿದ ಮನೆಗೆ ಬರೀ ಕೊಡಲಿ ಕಳುಹಿಸಲಿಲ್ಲ. ಸಭೆಯ ಮುಂದೆ ಬಂದದ್ದು ಬಟ್ಟಲು ಮತ್ತು ಬಟ್ಟೆ. ಅವುಗಳಿಗೆ ಬೆಲೆ ಕಟ್ಟಲಾಯಿತು, ಅವರ ಬಡತನಕ್ಕಲ್ಲ. ಹಿಡಿಯಿಲ್ಲದ ಕೊಡಲಿ ಕೈಗೆ ಕೊಟ್ಟು ಕಳುಹಿಸಲಿಲ್ಲ ಎಂಬುದನ್ನೂ ಗಮನಿಸಿ. ನಾವು ಎಡವಿದ್ದು ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕ ಸಭೆಯಲ್ಲಿ ಹೊಲಿಗೆ ಮೆಷಿನ್ ಹಂಚಿದೆವು. ವೇದಿಕೆ, ಮೈಕ್, ಫೋಟೊ ಎಲ್ಲ ಆಯಿತು. ಆರು ತಿಂಗಳ ನಂತರ ಮನೆಗಳಿಗೆ ಹೋಗಿ ನೋಡಿದರೆ ಒಂದು ಮೆಷಿನ್ ಮೇಲೆ ಹಳೆ ಸೀರೆ ಹೊದಿಸಿ ಅಕ್ಕಿ ಡಬ್ಬ ಇಟ್ಟಿದ್ದರು. "ಸರ್, ನೇರ ಹೊಲಿಗೆ ಬರುತ್ತದೆ, ಕಟಿಂಗ್ ಬರುವುದಿಲ್ಲ. ಬಟ್ಟೆ ಹಾಳು ಮಾಡಿದರೆ ದುಡ್ಡು ಯಾರು ಕೊಡುತ್ತಾರೆ?" ಎಂದರು ಆ ತಾಯಿ. ನಮಗೆ ಉತ್ತರವಿರಲಿಲ್ಲ. ಅದೂ ಅಲ್ಲದೆ ನಾವು ಮೆಷಿನ್ ಕೊಟ್ಟದ್ದು ಆಟಿ ತಿಂಗಳ ಮಳೆಯಲ್ಲಿ. ಶಾಲಾ ಸಮವಸ್ತ್ರದ ಹೊಲಿಗೆ ಬರುವುದು ಬೇಸಿಗೆ ರಜೆಯಲ್ಲಿ. ಹಬ್ಬದ ಬಟ್ಟೆ ಬರುವುದು ರಮಝಾನ್‌ನಲ್ಲಿ. ಎರಡೂ ದಾಟಿದ ಮೇಲೆ ನಾವು ದಾನ ಮಾಡಿದ್ದೆವು!

ಈಗ ಕ್ರಮ ಬದಲಾಗಿದೆ. ಮೊದಲು ಊರಿನ ದರ್ಜಿಯೊಬ್ಬರ ಬಳಿ ಕಟಿಂಗ್ ಕಲಿಕೆ. ಆ ತಿಂಗಳುಗಳಲ್ಲಿ ಮನೆಗೆ ರೇಷನ್, ಏಕೆಂದರೆ ಬೀಡಿ ಕಟ್ಟುವ ಕೈ ಕಲಿಯಲು ಕುಳಿತರೆ ಅಂದಿನ ಕೂಲಿ ಹೋಗುತ್ತದೆ. ಸೀರೆಗೆ ಫಾಲ್ ಹಚ್ಚುವಂಥ ಸಣ್ಣ ಕೆಲಸದಿಂದ ಗಿರಾಕಿಗಳ ಪರಿಚಯ. ಮೆಷಿನ್ ಕೊನೆಗೆ. ಅಕ್ಕಿ ಡಬ್ಬದ ಆ ತಾಯಿ ಈಗ ಬ್ಲೌಸ್ ಹೊಲಿಯುತ್ತಾರೆ. ತಿಂಗಳಿಗೆ ಎಷ್ಟು ಎಂದು ನಾವು ಕೇಳಿಲ್ಲ, ಅದು ಅವರ ಮನೆಯ ವಿಷಯ.

ನಮ್ಮ ಕರಾವಳಿಯ ಹೆಚ್ಚಿನ ಜಮಾಅತ್‌ಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಇದು ಹೊಸ ಮಾತೇನೂ ಅಲ್ಲ. ಹದಿಮೂರನೇ ಶತಮಾನದ ಇಮಾಮ್ ನವವಿ(ರ) ತಮ್ಮ 'ಅಲ್-ಮಜ್ಮೂಅ್' ಗ್ರಂಥದಲ್ಲಿ ಇದನ್ನೇ ವಿವರಿಸುತ್ತಾರೆ: ಕಸುಬು ಬಲ್ಲ ಬಡವನಿಗೆ ಅವನ ಉಪಕರಣ ಕೊಳ್ಳುವಷ್ಟು ಝಕಾತ್ ಕೊಡಬೇಕು, ಬೆಲೆ ಕಡಿಮೆಯಿರಲಿ ಹೆಚ್ಚಿರಲಿ. ವ್ಯಾಪಾರ ಬಲ್ಲವನಿಗೆ ಆ ವ್ಯಾಪಾರಕ್ಕೆ ತಕ್ಕ ಬಂಡವಾಳ. ತರಕಾರಿ ಮಾರುವವನಿಗೆ ಬೇಕಾದುದು ಬೇರೆ, ರತ್ನ ವ್ಯಾಪಾರಿಗೆ ಬೇಕಾದುದು ಬೇರೆ. ನೂರು ಮನೆಗೆ ಐನೂರು ರೂಪಾಯಿಯಂತೆ ಹಂಚಿ, ಮುಂದಿನ ರಮಝಾನ್‌ಗೆ ಅದೇ ನೂರು ಮನೆಯವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ, ಈ ವರ್ಷ ಹತ್ತು ಮನೆಯನ್ನು ಸಾಲಿನಿಂದ ಹೊರಗೆ ತರುವುದು ಮೇಲೆಂದು ನಮ್ಮ ಅಭಿಪ್ರಾಯ. ಆದರೆ ವೃದ್ಧರು, ರೋಗಿಗಳು, ಕೈಲಾಗದವರು ಇದ್ದಾರೆ. ಅವರಿಗೆ ಕೊಡಲಿಯ ಪಾಠ ಹೇಳುವುದು ಕ್ರೌರ್ಯ. ಅವರ ಪಾಲು ಈ ವರ್ಷವೂ ಮೊದಲಿನಂತೆ ತಲುಪಿದೆ.

ದಾನಿಗಳು ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇವೆ: ಝಕಾತ್ ಹಣದಿಂದ ತರಬೇತಿ ಕೊಠಡಿ ಕಟ್ಟಬಹುದಲ್ಲವೇ? ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ನ ಎಂಟು ಹಕ್ಕುದಾರ ವರ್ಗಗಳನ್ನು ಹೆಸರಿಸಲಾಗಿದೆ. ಬಡವನ ಪಾಲು ಬಡವನ ಒಡೆತನಕ್ಕೆ ಬರಬೇಕು. ಹನಫಿಗಳು ಇದನ್ನು ತಮ್ಲೀಕ್ ಎನ್ನುತ್ತಾರೆ ಮತ್ತು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ. ಅಂದರೆ ಮೆಷಿನ್ ಆಕೆಯದ್ದೇ. ಅದರ ಮೇಲೆ ಟ್ರಸ್ಟ್‌ನ ಹೆಸರು ಬರೆಸುವುದು, ಹೊಲಿಯದಿದ್ದರೆ ಹಿಂದೆ ತರುವುದು ನಮ್ಮಿಂದಾಗದು. ಕೊಠಡಿ ಬಾಡಿಗೆ, ಕಲಿಸುವವರ ಸಂಬಳ ಸದಕಾ ಖಾತೆಯಿಂದ ಹೋಗುತ್ತದೆ. ಎರಡು ಖಾತೆ ಬೇರೆ ಬೇರೆ ಇರುವುದು ಇದಕ್ಕೇ. ಹಣ ಕೊಡುವಾಗ ಯಾವುದಕ್ಕೆ ಎಂದು ದಯವಿಟ್ಟು ರಶೀದಿಯಲ್ಲಿ ಬರೆಸಿ.

ಇನ್ನೊಂದು ವಿಷಯ ಬರೆಯಲು ಕೈ ನಡುಗುತ್ತದೆ. ಹಿಂದೊಮ್ಮೆ ವಿದ್ಯಾರ್ಥಿವೇತನ ಪಡೆದ ಮಕ್ಕಳ ಫೋಟೊ, ಅವರ ತಂದೆಯ ಹೆಸರು ಹಾಕಿ ಫ್ಲೆಕ್ಸ್ ಕಟ್ಟಿಸಿದೆವು. ಉದ್ದೇಶ ಒಳ್ಳೆಯದೇ, ಬೇರೆ ಮಕ್ಕಳಿಗೆ ಹುಮ್ಮಸ್ಸು ಬರಲಿ ಎಂದು. ಅವರಲ್ಲೊಬ್ಬ ಹುಡುಗ ಮರುವರ್ಷ ಅರ್ಜಿ ಹಾಕಲಿಲ್ಲ. ನಮ್ಮ ತರಗತಿಯಲ್ಲೇ ಕುಳಿತು ಗಣಿತ ಕಲಿತವನು. ವಿಚಾರಿಸಿದಾಗ ಪ್ರಥಮ ಪಿಯುಸಿಗೇ ಕಾಲೇಜು ಬಿಟ್ಟು ದೂರದ ಊರಿನ ಅಂಗಡಿಯೊಂದಕ್ಕೆ ಸೇರಿದ್ದ. ಕಾಲೇಜಿನ ಬಸ್ಸು ಆ ಫ್ಲೆಕ್ಸ್‌ನ ಮುಂದೆಯೇ ನಿಲ್ಲುತ್ತಿತ್ತು. "ದಿನಾ ನೋಡಿ ನಗುತ್ತಿದ್ದರು ಸರ್" ಎಂದಷ್ಟೇ ಹೇಳಿದ. ನಾವು ಮತ್ತೆ ಕರೆದೆವು, ಬರಲಿಲ್ಲ. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿ ಎಂಬ ಎಚ್ಚರಿಕೆ ಅಲ್‌ಬಕರ ಅಧ್ಯಾಯದ 264ನೇ ಸೂಕ್ತದಲ್ಲಿದೆ. ಅದನ್ನು ಎಷ್ಟೋ ಸಲ ಓದಿದ್ದವರು ನಾವು.

ಆದ್ದರಿಂದ ಈ ವರದಿಯಲ್ಲಿ ಫಲಾನುಭವಿಗಳ ಫೋಟೊ ಇಲ್ಲ, ಹೆಸರಿಲ್ಲ. ಕೊಟ್ಟ ಹಣ ತಲುಪಿತೇ ಎಂದು ನೋಡುವ ಹಕ್ಕು ದಾನಿಗಳಿಗಿದೆ. ಲೆಕ್ಕಪುಸ್ತಕ, ರಶೀದಿ, ಆಡಿಟ್ ವರದಿ ಕಚೇರಿಯಲ್ಲಿ ತೆರೆದಿವೆ. ಮಕ್ಕಳ ಮುಖ ಕೇಳಬೇಡಿ.

ಹೆತ್ತವರಿಗೆ: ಈ ಸಲದ ಅರ್ಜಿಯಲ್ಲಿ ಎರಡು ಬದಲಾವಣೆಗಳಿವೆ. ಪಿಯುಸಿ, ಪದವಿಯ ಜೊತೆ ಐಟಿಐ ಮಕ್ಕಳೂ ಅರ್ಜಿ ಹಾಕಬಹುದು. ಎಲೆಕ್ಟ್ರಿಶಿಯನ್, ಫಿಟ್ಟರ್ ಎರಡು ವರ್ಷದ ಕೋರ್ಸ್‌ಗಳು, ಎಸ್ಸೆಸ್ಸೆಲ್ಸಿ ಸಾಕು. ಅಂಕ ಕಡಿಮೆಯೆಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಫೀಸಿನ ಜೊತೆ ಉಪಕರಣಗಳ ಖರ್ಚನ್ನೂ ಬರೆಯಿರಿ. ಫೀಸನ್ನು ನಾವೇ ಕಾಲೇಜಿಗೆ ಕಟ್ಟಬೇಕಿದ್ದರೆ ನಿಮ್ಮ ಒಪ್ಪಿಗೆಯ ಸಹಿ ಬೇಕು, ಏಕೆಂದರೆ ಆ ಹಣ ನಿಮ್ಮದು.

ಮೂರನೇ ಪುಟದಲ್ಲಿ ಹಿಂದೆ 'ಕಷ್ಟದ ವಿವರ' ಎಂಬ ಖಾಲಿ ಜಾಗವಿತ್ತು. ಅದನ್ನು ತೆಗೆದು 'ಮನೆಯಲ್ಲಿ ಯಾರಿಗೆ ಯಾವ ಕೆಲಸ ಗೊತ್ತು, ಯಾವ ಉಪಕರಣ ಇದೆ' ಎಂದು ಹಾಕಿದ್ದೇವೆ. ತಾಯಿಗೆ ಪತ್ತಿರಿ ಮಾಡಲು ಬಂದರೂ ಬರೆಯಿರಿ, ಮೂಲೆಯಲ್ಲಿ ತುಕ್ಕು ಹಿಡಿದ ಗರಗಸವಿದ್ದರೂ ಬರೆಯಿರಿ. ಅರ್ಜಿ ನಮೂನೆ ಅಸರ್ ನಮಾಝಿನ ನಂತರ ಕಚೇರಿಯಲ್ಲಿ ಸಿಗುತ್ತದೆ. ತುಂಬಲು ಗೊತ್ತಾಗದವರು ಹಾಗೆಯೇ ಬನ್ನಿ, ನಾವು ಅಲ್ಲಿಯೇ ಕುಳಿತಿರುತ್ತೇವೆ.