ಬಾಗಿಲು ಮುಚ್ಚಿದ ಹಳ್ಳಿ

(ಓದತಕ್ಕ ವೇದಭಾಗಗಳು: ಲೂಕ 9:51–56, 10:25–37, ಅಪೊಸ್ತಲರ ಕೃತ್ಯಗಳು 8:4–25)

ಕರುಣೆಯುಳ್ಳ ಸಮಾರ್ಯದವನ ಸಾಮ್ಯವನ್ನು ಅರಿಯದವರು ನಮ್ಮ ಸಭೆಗಳಲ್ಲಿ ವಿರಳ. ಭಾನುವಾರ ಶಾಲೆಯ ಮಕ್ಕಳೂ ಅದನ್ನು ತಡವರಿಸದೆ ಹೇಳುವರು. ಆದರೆ ಅದಕ್ಕೆ ಒಂದು ಅಧ್ಯಾಯ ಹಿಂದೆ, ಆರೇ ವಚನಗಳಲ್ಲಿ ಬರೆದಿರುವ ಒಂದು ಸಂಗತಿಯನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಅದನ್ನು ಮೊದಲು ಓದಿಕೊಂಡವನಿಗೆ ಸಾಮ್ಯವು ಬೇರೆಯಾಗಿಯೇ ಕೇಳಿಸುವದು.

ಕರ್ತನು ಗಲಿಲಾಯದಿಂದ ಯೆರೂಸಲೇಮಿಗೆ ಹೊರಟಿದ್ದನು. ನಡುವೆ ಸಮಾರ್ಯ ಸೀಮೆ. ಕಾಲ್ನಡಿಗೆಯವರಿಗೆ ಅದು ಸುಮಾರು ಮೂರು ದಿನಗಳ ದಾರಿಯಾದದರಿಂದ ರಾತ್ರಿ ತಂಗುವದಕ್ಕೆ ಯಾರಾದರೂ ಸ್ಥಳ ಕೊಡಲೇಬೇಕು. ಆತನು ಮುಂದಾಗಿ ಕಳುಹಿಸಿದವರು ಒಂದು ಹಳ್ಳಿಯಲ್ಲಿ ಕೇಳಿದಾಗ, ಈತನು ಯೆರೂಸಲೇಮಿಗೆ ಹೋಗುವವನೆಂದು ತಿಳಿದು ಊರವರು ಸೇರಿಸಿಕೊಳ್ಳಲಿಲ್ಲ.

ಈ ಹಗೆತನದ ಬೇರು ಆಳವಾದದ್ದು. ಕ್ರಿ. ಪೂ. 722ರ ಸುಮಾರಿಗೆ ಅಶ್ಶೂರ್ಯರು ಸಮಾರ್ಯವನ್ನು ಹಿಡಿದು, ಜನರನ್ನು ಸೆರೆ ಒಯ್ದು, ಪರದೇಶದವರನ್ನು ತಂದು ಅಲ್ಲಿ ನೆಲೆಗೊಳಿಸಿದರು. ಆದಕಾರಣ ಯೆಹೂದ್ಯರು ಸಮಾರ್ಯರನ್ನು ಬೆರಕೆಯ ಜನವೆಂದು ಹೀನೈಸುತ್ತಿದ್ದರು. ಸಮಾರ್ಯರಾದರೋ ಗೆರಿಜ್ಜೀಮ್ ಬೆಟ್ಟವೇ ದೇವರು ಆರಿಸಿಕೊಂಡ ಸ್ಥಳವೆಂದು ಹೇಳಿ ಅಲ್ಲಿ ಆಲಯವನ್ನು ಕಟ್ಟಿಕೊಂಡಿದ್ದರು. ಕ್ರಿ. ಪೂ. 2ನೆಯ ಶತಮಾನದ ಕಡೆಯಲ್ಲಿ ಯೆಹೂದ್ಯರ ಅಧಿಪತಿಯಾದ ಯೋಹಾನ ಹಿರ್ಕಾನನು ಅದನ್ನು ಕೆಡವಿಹಾಕಿದನು. ಬಾಗಿಲು ಮುಚ್ಚಿದವರಿಗೂ ಒಂದು ಗಾಯವಿತ್ತೆಂಬದನ್ನು ನಾವು ಮರೆಯಬಾರದು.

ಸಿಡಿಲಮರಿಗಳೆಂಬ ಹೆಸರು ಪಡೆದಿದ್ದ ಯಾಕೋಬ ಯೋಹಾನರು ಇದನ್ನು ಕಂಡು, ಆಕಾಶದ ಬೆಂಕಿಯಿಂದ ಆ ಊರನ್ನು ಸುಡಿಸುವದಕ್ಕೆ ಅಪ್ಪಣೆ ಬೇಡಿದರು. ಅವರ ಕೋಪಕ್ಕೆ ವೇದಾಧಾರವೂ ಇತ್ತು! ಅದೇ ಸಮಾರ್ಯದ ಅರಸನು ಕಳುಹಿಸಿದ ಸಿಪಾಯಿಗಳ ಮೇಲೆ ಎಲೀಯನ ಮಾತಿನಿಂದ ಬೆಂಕಿ ಬಿದ್ದಿತ್ತು (2 ಅರಸು 1). ಅದಲ್ಲದೆ ಅವರು ಕೋಪಿಸಿಕೊಂಡದ್ದು ತಮಗೋಸ್ಕರವಲ್ಲ, ಒಡೆಯನ ಮಾನಕ್ಕೋಸ್ಕರ. ಇಂಥ ಕೋಪವನ್ನು ಪಾಪವೆಂದು ಗುರುತಿಸುವದು ಬಹಳ ಕಷ್ಟ; ಅದು ಭಕ್ತಿಯ ಅಂಗಿಯನ್ನು ತೊಟ್ಟುಕೊಂಡು ಬರುತ್ತದೆ. ಕರ್ತನು ತಿರುಗಿಕೊಂಡು ಗದರಿಸಿದ್ದು ಯಾರನ್ನು? ಬಾಗಿಲು ಮುಚ್ಚಿದವರನ್ನಲ್ಲ, ಬೆಂಕಿ ಕೇಳಿದವರನ್ನು. ಆಮೇಲೆ ಅವರು ಬೇರೊಂದು ಹಳ್ಳಿಗೆ ಹೋದರು.

ಈಗ ಸಾಮ್ಯಕ್ಕೆ ಬರೋಣ. ಧರ್ಮೋಪದೇಶಕನೊಬ್ಬನು ತನ್ನ ನೆರೆಯವನು ಯಾರೆಂದು ಕೇಳಿದನು. ಪ್ರೀತಿಸುವ ಕೆಲಸ ಎಲ್ಲಿಗೆ ಮುಗಿಯುತ್ತದೆಂದು ತಿಳಿಯುವದಕ್ಕೆ ಅವನಿಗೆ ಒಂದು ಗಡಿಕಲ್ಲು ಬೇಕಾಗಿತ್ತು. ಗಾಯಪಟ್ಟವನಿಗೆ ಉಪಕಾರ ಮಾಡಿದವನು ಒಬ್ಬ ಒಳ್ಳೇ ಯೆಹೂದ್ಯನೆಂದು ಕರ್ತನು ಹೇಳಬಹುದಾಗಿತ್ತು. ಆದರೆ ತನಗೆ ಒಂದು ರಾತ್ರಿಯ ಆಸರೆಯನ್ನು ಕೊಡದವರ ಕುಲದಿಂದಲೇ ಒಬ್ಬನನ್ನು ಆತನು ಆರಿಸಿಕೊಂಡನು. ಆ ಸಮಾರ್ಯದವನು ಏನು ಮಾಡಿದನು ನೋಡಿರಿ: ಗಾಯಗಳನ್ನು ಕಟ್ಟಿ, ಛತ್ರಕ್ಕೆ ಕರಕೊಂಡು ಹೋಗಿ, ಕೂಲಿಯವನ ಎರಡು ದಿನದ ಸಂಬಳದಷ್ಟು ಹಣವನ್ನು ಅಲ್ಲಿ ಕೊಟ್ಟನು. ಸಮಾರ್ಯರು ಕರ್ತನಿಗೆ ಇಲ್ಲವೆಂದದ್ದು ತಂಗುವ ಸ್ಥಳ; ಆತನ ಸಾಮ್ಯದಲ್ಲಿ ಸಮಾರ್ಯನು ಕೊಟ್ಟದ್ದೂ ತಂಗುವ ಸ್ಥಳವೇ. ಆ ಹಳ್ಳಿಯವರು ಬಂದು ಕ್ಷಮೆ ಕೇಳಿದರೆಂದು ಲೂಕನು ಬರೆದಿಲ್ಲ. ಕೇಳುವದಕ್ಕೆ ಮುಂಚೆಯೇ ಕರ್ತನು ಅವರ ಜನಕ್ಕೆ ಗೌರವದ ಹೆಸರನ್ನು ಕೊಟ್ಟುಬಿಟ್ಟನು.

ನಾವಾದರೋ ಹೇಳುವದು ಬೇರೆ. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು, "ಅವನು ಮೊದಲು ಬಂದು ತಪ್ಪೊಪ್ಪಿಕೊಳ್ಳಲಿ, ಆಮೇಲೆ ನೋಡೋಣ" ಎನ್ನುತ್ತಾ ಒಂದೇ ದೇವಾಲಯದಲ್ಲಿ ಎರಡು ಮೂಲೆಗಳಲ್ಲಿ ಕೂತುಕೊಳ್ಳುತ್ತಾರೆ. ಹಿರಿಯರು ಬಾವಿಯ ಬಳಿಯಲ್ಲಿ ನೀರಿಗಾಗಿ ಕೈಯೊಡ್ಡಿ ದೂರ ನಿಂತ ನೆನಪು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಉಂಟು. ಅಂಥವರಿಗೆ ಈ ಪಾಠವು ಬಾಯಿಮಾತಿನಿಂದ ಕಲಿಯತಕ್ಕದ್ದಲ್ಲವೆಂದು ಬಲ್ಲೆವು. ಒಂದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಊರವರು ಮಾಡಿದ್ದು ಸರಿಯೆಂದು ಕರ್ತನು ಹೇಳಲಿಲ್ಲ, ಅವರ ಹೊಸ್ತಿಲಲ್ಲಿ ಬಿದ್ದುಕೊಂಡು ಬೇಡಲೂ ಇಲ್ಲ. ಹೊಡೆಯುವ ಗಂಡನ ಮನೆಯಲ್ಲೇ ಸಾಯಬೇಕೆಂದು ಹೆಂಗಸಿಗೆ ಈ ವಚನದಿಂದ ಬುದ್ಧಿ ಹೇಳುವವನು ವಚನವನ್ನು ಅರಿಯದವನು. ಅವಳು ಬೇರೊಂದು ಹಳ್ಳಿಗೆ ಹೋಗಬಹುದು, ನ್ಯಾಯವನ್ನೂ ಕೇಳಬಹುದು. ಬೆಂಕಿಯನ್ನು ಬೇಡುವದೇ ಬೇರೆ.

ಬೆಂಕಿ ಬೇಡಿದ ಯೋಹಾನನ ವಿಷಯ ಇನ್ನೊಂದು ಮಾತು ಉಂಟು. ಸ್ತೆಫನನು ಕೊಲ್ಲಲ್ಪಟ್ಟ ಮೇಲೆ ಚದರಿಹೋದವರಲ್ಲಿ ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಸುವಾರ್ತೆ ಸಾರಿದನು. ಅಲ್ಲಿಯವರು ನಂಬಿದರೆಂಬ ವರ್ತಮಾನವು ಯೆರೂಸಲೇಮಿಗೆ ಬಂದಾಗ ಅಪೊಸ್ತಲರು ಇಬ್ಬರನ್ನು ಕಳುಹಿಸಿದರು. ಒಬ್ಬನು ಪೇತ್ರನು, ಮತ್ತೊಬ್ಬನು ಯೋಹಾನನು. ಸಮಾರ್ಯರ ಮೇಲೆ ಬೆಂಕಿ ಬೀಳಬೇಕೆಂದಿದ್ದವನು ಈಗ ಅವರ ತಲೆಯ ಮೇಲೆ ಕೈಯಿಟ್ಟು, ಅವರಿಗೆ ಪವಿತ್ರಾತ್ಮನು ದೊರೆಯಬೇಕೆಂದು ಪ್ರಾರ್ಥಿಸಿದನು. ಹಿಂತಿರುಗುವ ದಾರಿಯಲ್ಲಿ ಅವರಿಬ್ಬರೂ ಸಮಾರ್ಯದ ಅನೇಕ ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತಾ ಹೋದರು. ಬಾಗಿಲು ಮುಚ್ಚಿದ ಆ ಹಳ್ಳಿಯೂ ಅವುಗಳಲ್ಲಿ ಒಂದಾಗಿತ್ತೋ ಇಲ್ಲವೋ, ಲೂಕನು ಹೇಳುವದಿಲ್ಲ.